ಗೇಟಿನ ಬಳಿ ಇಳಿದ ಅಲೆ

ದೇವರಾಯಕೋಟೆಯಲ್ಲಿ ಹುಣಸೆ ಮಂಡಿ ಎಲ್ಲಿದೆ ಎಂದು ಯಾವ ಆಟೋದವರನ್ನು ಕೇಳಿದರೂ ಹೇಳುತ್ತಿದ್ದರು. ನಗರದ ನಕ್ಷೆಯಲ್ಲಿ ಮಾತ್ರ ಅದು ಇರಲಿಲ್ಲ. ಹುಣಸೆಹಣ್ಣಿನ ವ್ಯಾಪಾರ ಊರಾಚೆಯ ಮಾರುಕಟ್ಟೆಗೆ ಹೋಗಿ ಎಷ್ಟೋ ವರ್ಷಗಳಾಗಿದ್ದವು. ಹೆಸರು ಉಳಿದುಕೊಂಡಿತ್ತು, ಜನ ಉಳಿದುಕೊಂಡಿದ್ದರು. ನಕ್ಷೆಯ ಪ್ರಕಾರ ಆ ಜಾಗ ಮೂರು ವಾರ್ಡುಗಳಿಗೆ ಹರಿದು ಹಂಚಿಹೋಗಿತ್ತು. ಒಂದೇ ಬೀದಿಯ ಎಡಗಡೆಯವರಿಗೆ ಒಬ್ಬ ಕಾರ್ಪೊರೇಟರ್, ಬಲಗಡೆಯವರಿಗೆ ಇನ್ನೊಬ್ಬ. ಎಡಗಡೆ ನಲ್ಲಿಯಲ್ಲಿ ನೀರು ಬಂದ ದಿನ ಬಲಗಡೆಯವರು ಕೊಡ ಹಿಡಿದು ರಸ್ತೆ ದಾಟುತ್ತಿದ್ದರು. ಕಸದ ಗಾಡಿ ಬೀದಿಯ ಅರ್ಧದವರೆಗೆ ಬಂದು, ಗೆರೆ ಮುಗಿಯಿತೆಂದು ತಿರುಗಿಕೊಳ್ಳುತ್ತಿತ್ತು.

ಶಾರದಾ ಬಡಾವಣೆಯದು ಹಾಗಲ್ಲ. ಅದು ನಕ್ಷೆಯಲ್ಲಿ ದಪ್ಪ ಗೆರೆಯೊಳಗೆ ಅಚ್ಚುಕಟ್ಟಾಗಿ ಕೂತಿತ್ತು. ಯತೀಶ ಹುಟ್ಟಿ ಬೆಳೆದದ್ದು, ಮದುವೆಯಾಗಿ ಸಂಸಾರ ಹೂಡಿದ್ದು ಎಲ್ಲ ಅಲ್ಲೇ, ಗಣಿತದ ಮೇಷ್ಟ್ರಾಗಿದ್ದ ಅವನ ತಂದೆ ಕಟ್ಟಿಸಿದ ಮನೆಯಲ್ಲಿ. ತಂದೆ ತೀರಿಹೋಗಿ ಬಹಳ ಕಾಲವಾಗಿತ್ತು. ತಾಯಿ ಹೋದದ್ದು ಈಚೆಗೆ. ಈಗ ಆ ಮನೆಯಲ್ಲಿ ಯತೀಶ ಮತ್ತು ಅವನ ಹೆಂಡತಿ ದಾಕ್ಷಾಯಿಣಿ ಇಬ್ಬರೇ. ಮಕ್ಕಳಾಗಿರಲಿಲ್ಲ. ಆ ಮಾತನ್ನು ಇಬ್ಬರೂ ಯಾವಾಗಲೋ ನಿಲ್ಲಿಸಿಬಿಟ್ಟಿದ್ದರು.

ಯತೀಶ ಕೆಲಸ ಮಾಡುತ್ತಿದ್ದ ಪ್ರಯೋಗಾಲಯ ಒಂದೇ ಒಂದು ಪ್ರಶ್ನೆಯ ಬೆನ್ನು ಹತ್ತಿತ್ತು. ಊರನ್ನು ಅಧಿಕಾರಿಗಳು ಹಂಚುವ ಬದಲು, ಅಲ್ಲಿ ಬಾಳುವವರ ಮನಸ್ಸಿನಲ್ಲಿ ಅದು ಹೇಗೆ ಹಂಚಿಹೋಗಿದೆಯೋ ಹಾಗೆಯೇ ನಕ್ಷೆ ಬರೆದರೆ ಏನಾಗುತ್ತದೆ?

ಮೊದಲು ಜನರ ಕೈಗೆ ಪೆನ್ಸಿಲ್ ಕೊಟ್ಟು ನೋಡಿದ್ದರು. 'ನಿಮ್ಮ ಏರಿಯಾ ಎಲ್ಲಿಂದ ಎಲ್ಲಿಯವರೆಗೆ, ಗೆರೆ ಎಳೀರಿ' ಎಂದರೆ ಜನ ತಮಗೆ ಗೊತ್ತಿದ್ದ ವಾರ್ಡನ್ನೇ ಬರೆದುಕೊಡುತ್ತಿದ್ದರು, ಇಲ್ಲವೇ ದೊಡ್ಡ ರಸ್ತೆಗಳ ಹೆಸರು ಹೇಳುತ್ತಿದ್ದರು. ಅವರು ಬರೆದ ಗೆರೆಗೂ ಅವರು ನಿಜವಾಗಿ ಬದುಕುತ್ತಿದ್ದ ಬೀದಿಗಳಿಗೂ ತಾಳೆಯಾಗುತ್ತಿರಲಿಲ್ಲ. ಆಮೇಲೆ ಬಂದದ್ದು ಕಿವಿಪಟ್ಟಿ. ಕಿವಿಯ ಹಿಂದೆ ಅಂಟಿಸಿಕೊಳ್ಳುವ, ಬೆರಳಿನಷ್ಟು ಅಗಲದ ತೆಳ್ಳನೆಯ ಪಟ್ಟಿ. ನಾವು ಎಲ್ಲಿದ್ದೇವೆ ಎಂಬುದನ್ನು ಮಿದುಳಿನ ಒಳಭಾಗದಲ್ಲಿರುವ ಕೆಲವು ಜೀವಕೋಶಗಳು ಸದಾ ಲೆಕ್ಕ ಹಾಕುತ್ತಲೇ ಇರುತ್ತವೆ. ನಮ್ಮದು ಎಂದುಕೊಂಡ ಜಾಗದ ಅಂಚನ್ನು ದಾಟುವಾಗ ಅವು ಒಟ್ಟಾಗಿ ಮಿಡಿಯುತ್ತವೆ. ಒಳಗೆ ಬಂದಾಗ ಒಂದು ಪುಟ್ಟ ಅಲೆ ಏಳುತ್ತದೆ, ಹೊರಗೆ ಹೋದಾಗ ಇಳಿಯುತ್ತದೆ. ದಾಟಿದವರಿಗೆ ಅದು ಗೊತ್ತೂ ಆಗುವುದಿಲ್ಲ. ಪ್ರಯೋಗಾಲಯದವರು ಅದಕ್ಕೆ ಹೊಸಿಲಲೆ ಎಂದು ಹೆಸರಿಟ್ಟರು.

ಸಾವಿರಾರು ಜನ ಕಿವಿಪಟ್ಟಿ ಹಾಕಿಕೊಂಡು ತಮ್ಮ ಪಾಡಿಗೆ ಓಡಾಡಿದರು. ಅಲೆ ಎದ್ದ ಇಳಿದ ಜಾಗಗಳೆಲ್ಲ ಪ್ರಯೋಗಾಲಯದ ಗೋಡೆಯಗಲದ ಪರದೆಯ ಮೇಲೆ ಚುಕ್ಕಿಗಳಾಗಿ ಬಂದು ಕೂತವು. ಯತೀಶ ದಿನವೆಲ್ಲ ಅದರ ಮುಂದೆ ಇರುತ್ತಿದ್ದ. ಹೆಂಗಸರ ಏರಿಯಾ ಬೀದಿದೀಪ ಮುಗಿಯುವಲ್ಲಿಗೆ ಮುಗಿಯುತ್ತಿತ್ತು. ಮೇಲ್ಸೇತುವೆ ಬಂದ ಮೇಲೆ ಒಂದೇ ಕೇರಿ ಎರಡಾಗಿ, ಅತ್ತ ಕಡೆಯ ಅಣ್ಣತಮ್ಮಂದಿರು ಪರವೂರಿನವರಷ್ಟು ದೂರವಾಗಿದ್ದರು. ಒಂದು ಹೆಂಡದಂಗಡಿ ಇಡೀ ಬೀದಿಯನ್ನು ಕಡಿದು ಹಾಕಿತ್ತು. ಹುಣಸೆ ಮಂಡಿಯಲ್ಲಂತೂ ನೂರಾರು ಜನರ ಅಂಚುಗಳು ಒಂದರ ಮೇಲೊಂದು ಬಿದ್ದು ಕಣ್ಣಿಗೆ ರಾಚುವಷ್ಟು ದಪ್ಪ ಗೆರೆ ಮೂಡಿತ್ತು. ಅರಳಿಕಟ್ಟೆಯಿಂದ ಹಳೇ ಎಣ್ಣೆ ಮಿಲ್ಲಿನ ಗೋಡೆಯವರೆಗೆ. ವಾರ್ಡಿನ ಗೆರೆಗಳು ಇದ್ದವೆಂದೇ ಅಲ್ಲಿನವರ ಮಿದುಳಿಗೆ ಗೊತ್ತಿರಲಿಲ್ಲ.

ಶಾರದಾ ಬಡಾವಣೆಯಿಂದ ಪಟ್ಟಿ ಹಾಕಿಕೊಳ್ಳಲು ಮುಂದೆ ಬಂದವರು ಕಡಿಮೆ. ಒಂದು ಬೆಳಿಗ್ಗೆ ತಿಂಡಿ ತಿನ್ನುತ್ತಾ ಯತೀಶ ಹೆಂಡತಿಯನ್ನು ಕೇಳಿದ.

"ನೀನೂ ಒಂದು ಹಾಕ್ಕೊಳ್ತೀಯಾ ದಾಕ್ಷಿ? ಎರಡು ವಾರ ಅಷ್ಟೇ."

"ದಿನಾ ಇನ್ನೊಬ್ಬರ ಕಿವಿಗೆ ಕನ್ನಡಕ ಕೂರಿಸೋದು ನಾನು. ನನ್ನ ಕಿವಿಗೂ ಒಂದು ಏನೋ ಬಂತು," ಎಂದು ಅವಳು ನಕ್ಕಳು. ಕೂದಲು ಸರಿಸಿ ಕಿವಿ ಒಡ್ಡಿದಳು. ಅವನೇ ಅಂಟಿಸಿದ.

ದಾಕ್ಷಾಯಿಣಿ ಹುಣಸೆ ಮಂಡಿಯ ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಕಣ್ಣು ಪರೀಕ್ಷೆ ಮಾಡುವುದು, ಗಾಜು ಕೂರಿಸುವುದು, ಸಡಿಲವಾದ ಕಡ್ಡಿ ಬಿಗಿ ಮಾಡಿಕೊಡುವುದು. ಮದುವೆಯಾದ ಎರಡನೇ ವರ್ಷ ಸೇರಿದ ಕೆಲಸ. ಸಂಬಳ ದೊಡ್ಡದಲ್ಲ. ಯತೀಶ ಒಂದೆರಡು ಸಲ, 'ಸಾಕಾದ್ರೆ ಬಿಟ್ಟುಬಿಡು' ಎಂದಿದ್ದ. ಅವಳು ಬಿಟ್ಟಿರಲಿಲ್ಲ. ಅವನು ಯಾಕೆಂದು ಕೇಳಿರಲಿಲ್ಲ.

ಎರಡು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಅವನ ಜೊತೆ ಕೆಲಸ ಮಾಡುವ ಸುಮಯ್ಯಾ ತನ್ನ ಮೇಜಿನಿಂದಲೇ ಕರೆದಳು.

"ಯತೀಶ್ ಸರ್, ಈ ಪಟ್ಟಿ ಕೆಟ್ಟುಹೋಗಿದೆ ಅನ್ಸತ್ತೆ. ಸ್ವಲ್ಪ ನೋಡ್ತೀರಾ?"

ಪರದೆಯ ಮೇಲೆ ಬರಿಯ ಒಂದು ಸಂಖ್ಯೆ ಇತ್ತು. ಯಾರ ಹೆಸರೂ ಯಾರಿಗೂ ತಿಳಿಯಬಾರದೆಂಬುದು ಪ್ರಯೋಗಾಲಯದ ನಿಯಮ. ಆದರೆ ದಾರಿಗೆ ಹೆಸರು ಬೇಕಾಗಿರಲಿಲ್ಲ. ಶಾರದಾ ಬಡಾವಣೆಯ ಮೂರನೇ ಅಡ್ಡರಸ್ತೆಯಿಂದ ಹೊರಟು, ಹಾಲಿನ ಬೂತಿನ ಮುಂದೆ ತಿರುಗಿ, ಬಸ್ ಹಿಡಿದು, ಅರಳಿಕಟ್ಟೆಯ ಹತ್ತಿರ ಇಳಿಯುವ ಗೆರೆಯನ್ನು ನೋಡಿದೊಡನೆ ಯತೀಶನಿಗೆ ಗೊತ್ತಾಯಿತು.

"ಇಲ್ಲಿ ನೋಡಿ ಸರ್. ಬೆಳಿಗ್ಗೆ ಅರಳಿಕಟ್ಟೆ ದಾಟಿದ ತಕ್ಷಣ ಅಲೆ ಚೆನ್ನಾಗಿ ಏಳ್ತಿದೆ. ಸಂಜೆ ಅಲ್ಲೇ ಇಳೀತಿದೆ. ಅಲ್ಲಿಗೆ ಸರಿ, ಅವರ ಏರಿಯಾ ಹುಣಸೆ ಮಂಡಿ ಅಂದ್ಕೊಳ್ಳೋಣ. ಆದ್ರೆ ಇಲ್ಲಿ, ಮನೆ ಗೇಟ್ ಹತ್ರ, ಮತ್ತೆ ಇಳೀತಿದೆ. ಇನ್ನೂ ಕೆಳಕ್ಕೆ. ದಿನಾ ಹೀಗೇನೇ."

"ಗೇಟ್ ಹತ್ರ ಏಳಬೇಕಲ್ವಾ?"

"ಎಲ್ಲರಿಗೂ ಏಳತ್ತೆ ಸರ್. ಹೀಗೆ ಇಳಿಯೋದು ನಾವು ನೋಡಿರೋದು ಆಸ್ಪತ್ರೆಗೆ, ಕೋರ್ಟಿಗೆ ಹೋಗೋವಾಗ. ಇಲ್ಲಾಂದ್ರೆ ಗುರುತಿಲ್ಲದವರ ಮನೆಯೊಳಗೆ ಕಾಲಿಡೋವಾಗ. ಆದ್ರೆ ಇವರು ರಾತ್ರಿ ಮಲಗೋದು ಇಲ್ಲೇ." ಸುಮಯ್ಯಾ ಗಲ್ಲಕ್ಕೆ ಕೈ ಕೊಟ್ಟು ಸ್ವಲ್ಪ ಹೊತ್ತು ನೋಡಿದಳು. "ಯಾರದೋ ಮನೇಲಿ ಕೆಲಸಕ್ಕೆ ಇದ್ಕೊಂಡಿರೋರೇನೋ, ಪಾಪ."

ಯತೀಶ ಪರದೆಯ ಹತ್ತಿರ ಸರಿದು ಗೇಟಿನ ಚುಕ್ಕಿಯನ್ನು ಇನ್ನೊಮ್ಮೆ ನೋಡಿದ.

"ತೆಗೆದುಹಾಕ್ಲಾ ಸರ್?"

"ಬೇಡ. ಪಟ್ಟಿ ನನಗೆ ಕೊಡಿ, ಪರೀಕ್ಷೆ ಮಾಡ್ತೀನಿ."

ಅಂದು ಸಂಜೆ ಆ ಪಟ್ಟಿಯನ್ನು ತಾನೇ ಅಂಟಿಸಿಕೊಂಡು ಮನೆಗೆ ಹೋದ. ಬಡಾವಣೆಯ ಕಮಾನಿನ ಕೆಳಗೆ ಅಲೆ ಎದ್ದಿತು, ಎಲ್ಲರಿಗೂ ಏಳುವ ಹಾಗೆ. ಮರುದಿನ ಅದನ್ನು ಪರದೆಯ ಮೇಲೆ ನೋಡಿದ. ಪಟ್ಟಿ ಕೆಟ್ಟಿರಲಿಲ್ಲ. ಕೆಟ್ಟಿರಲಿ ಎಂದು ತಾನು ಎಷ್ಟು ಆಸೆಪಟ್ಟಿದ್ದೆನೆಂದು ಅವನಿಗೆ ಆಗ ತಿಳಿಯಿತು.

ಅದಾದ ಮೇಲೆ ಅವನು ಹೆಂಡತಿಯನ್ನು ಗಮನಿಸತೊಡಗಿದ. ಸಂಜೆ ಬೇಗ ಬಂದು ಕಿಟಕಿಯ ಹತ್ತಿರ ನಿಲ್ಲುತ್ತಿದ್ದ. ಅವಳು ಗೇಟು ತೆರೆಯುವ ಮುಂಚೆ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಚಿಲಕ ಸದ್ದಾಗದಂತೆ ಎತ್ತುತ್ತಿದ್ದಳು. ಒಳಗೆ ಬಂದು ಚಪ್ಪಲಿಯನ್ನು ಗೂಡಿನ ಮೂಲೆಗೆ ಒತ್ತಿ ಇಡುತ್ತಿದ್ದಳು, ಬೇರೆ ಯಾರ ಚಪ್ಪಲಿಗೋ ಜಾಗ ಬಿಟ್ಟಹಾಗೆ. ಅಡುಗೆಮನೆಯ ಡಬ್ಬಿಗಳೆಲ್ಲ ಅವನ ತಾಯಿ ಇಟ್ಟ ಸಾಲಿನಲ್ಲೇ ಇದ್ದವು. ಮೇಲಿನ ಸಾಲು ದಾಕ್ಷಾಯಿಣಿಯ ಕೈಗೆ ಎಟುಕುತ್ತಿರಲಿಲ್ಲ. ದಿನವೂ ಸ್ಟೂಲು ಹತ್ತಿ ಇಳಿಸಿಕೊಳ್ಳುತ್ತಿದ್ದಳು. ಅತ್ತೆ ಹೋದ ಮೇಲೂ ಅವಳು ಅವನ್ನು ಕೆಳಗೆ ತಂದಿರಲಿಲ್ಲ. ಇಷ್ಟು ವರ್ಷ ಇದೇ ಮನೆಯಲ್ಲಿದ್ದೂ ಇದು ಯತೀಶನ ಕಣ್ಣಿಗೆ ಬಿದ್ದಿರಲಿಲ್ಲ.

ಒಂದು ಭಾನುವಾರ ಅವಳು ಸೊಪ್ಪು ಸೋಸುತ್ತಿದ್ದಾಗ ಹೇಳಿಬಿಟ್ಟ. ಅಲೆ, ಅರಳಿಕಟ್ಟೆ, ಗೇಟು, ಎಲ್ಲವನ್ನೂ. ಸುಮಯ್ಯಾ ಅಂದ ಮಾತನ್ನು ಮಾತ್ರ ಹೇಳಲಿಲ್ಲ.

ಅವಳ ಕೈ ನಿಂತಿತು.

"ಯಂತ್ರ ತಪ್ಪು ಹೇಳಬಹುದಲ್ವಾ?"

"ಹೇಳಬಹುದು. ಇದು ಹೇಳ್ತಿಲ್ಲ."

ಹೊರಗೆ ಯಾರೋ ಕಾರು ತೊಳೆಯುವ ಸದ್ದು ಕೇಳುತ್ತಿತ್ತು.

"ನಿಮ್ಮ ಮೇಲೆ ಏನೂ ಇಲ್ಲ ರೀ," ಎಂದಳು ಕೊನೆಗೆ. "ಅತ್ತೆಯೂ ಒಳ್ಳೆಯೋರೇ. ಒಂದು ದಿನವೂ ಗದರಿಸಲಿಲ್ಲ. ನನಗೆ ಹೇಳೋಕೆ ಒಂದು ದೂರಾದ್ರೂ ಇದ್ದಿದ್ರೆ ಚೆನ್ನಾಗಿರ್ತಿತ್ತು. ಯಾರೂ ಏನೂ ಮಾಡಲಿಲ್ಲ. ಇಲ್ಲಿ ನಾನು ಮೇಷ್ಟ್ರ ಸೊಸೆ, ಆಮೇಲೆ ಯತೀಶನ ಹೆಂಡತಿ. ಇಷ್ಟು ವರ್ಷ ಆಯ್ತು, ಈ ರಸ್ತೇಲಿ ಯಾರಾದ್ರೂ ನನ್ನ ಹೆಸರು ಹಿಡಿದು ಕರೆದಿದ್ದು ಕೇಳಿದೀರಾ?"

ಅವನು ಯೋಚಿಸಿದ. ಕೇಳಿರಲಿಲ್ಲ.

"ಮಂಡೀಲಿ?"

"ಮಂಡೀಲಿ…" ಅವಳ ಮುಖದಲ್ಲಿ ಏನೋ ಸಡಿಲವಾಯಿತು. "ಅಲ್ಲಿ ಅರಳಿಕಟ್ಟೆಯಿಂದ ಅಂಗಡಿಗೆ ಹೋಗೋಷ್ಟರಲ್ಲಿ ನಾಲ್ಕು ಜನ ನಿಲ್ಲಿಸ್ತಾರೆ. ದಾಕ್ಷಿ, ಈ ಕನ್ನಡಕ ಜಾರತ್ತೆ ಕಣೇ ಅಂತಾರೆ. ಹೂವಿನ ಮಂಗಳಮ್ಮ ಇದಾರಲ್ಲ, ಅಂಗಡಿ ಪಕ್ಕದೋರು, ಒಂದಿನ ನಾನು ಬರದೇ ಇದ್ರೆ ಮಾರನೇ ದಿನ ಬಯ್ತಾರೆ. ನಾನು ಯಾರ ಹೆಂಡತಿ ಅಂತ ಅವರು ಕೇಳಿಲ್ಲ. ಕೇಳಬೇಕು ಅಂತ ಅವರಿಗೆ ಹೊಳೆದೇ ಇಲ್ಲ."

ಸೊಪ್ಪಿನ ಕಟ್ಟನ್ನು ಮತ್ತೆ ಎತ್ತಿಕೊಂಡಳು. "ನನಗೇ ಗೊತ್ತಿರಲಿಲ್ಲ ಇದು. ಸಂಜೆ ಬಸ್ಸಲ್ಲಿ ಬರೋವಾಗ ಯಾಕೋ ಎದೆ ಭಾರ ಅನ್ಸೋದು. ಸುಸ್ತು ಅಂದ್ಕೊಳ್ತಿದ್ದೆ."

ನಕ್ಷೆ ಮುಗಿಯುವ ಹೊತ್ತಿಗೆ ಮಳೆಗಾಲ ಕಳೆದಿತ್ತು. ನಗರಪಾಲಿಕೆ ಅದರ ಪ್ರಕಾರ ಹೊಸ ವಾರ್ಡುಗಳನ್ನು ಪ್ರಕಟಿಸಿದ ದಿನ ಹುಣಸೆ ಮಂಡಿಯವರು ಅರಳಿಕಟ್ಟೆಯ ಮುಂದೆ ಪಾಯಸ ಹಂಚಿದರು. ಮೊದಲ ಸಲ ಆ ಹೆಸರು ಸರ್ಕಾರದ ಹಲಗೆಯ ಮೇಲೆ ಬಂದಿತ್ತು. ಕಸದ ಗಾಡಿ ಬೀದಿಯ ತುದಿಯವರೆಗೂ ಹೋಯಿತು. ಮಕ್ಕಳು ಅದರ ಹಿಂದೆ ಓಡಿದರು.

ಆದರೆ ಪ್ರಯೋಗಾಲಯದಲ್ಲಿ ಎಲ್ಲರನ್ನೂ ಪೇಚಿಗೆ ಸಿಕ್ಕಿಸಿದ್ದು ಶಾರದಾ ಬಡಾವಣೆ. ಅಲ್ಲಿ ಗೆರೆಯೇ ಮೂಡಿರಲಿಲ್ಲ. ಹೊಸದಾಗಿ ಬಂದವರು ಕಾಂಪೌಂಡ್ ಎತ್ತರಿಸಿ, ಕ್ಯಾಮೆರಾ ಹಾಕಿಸಿಕೊಂಡು, ಕಾರಿನಿಂದ ನೇರ ಮನೆಯೊಳಕ್ಕೆ ಇಳಿಯುವವರು. ಅವರೆಲ್ಲರ ಏರಿಯಾ ಅವರವರ ಗೇಟಿಗೆ ಮುಗಿಯುತ್ತಿತ್ತು. ಪರದೆಯ ಮೇಲೆ ಆ ಭಾಗ ಒಂದಕ್ಕೊಂದು ತಾಗದ ಬಿಡಿ ಬಿಡಿ ಚುಕ್ಕಿಗಳ ಹಾಗೆ ಕಾಣುತ್ತಿತ್ತು. ಕಮಾನಿನಿಂದ ಆಟದ ಮೈದಾನದವರೆಗೆ ತುಂಬಿಕೊಂಡಿದ್ದ ಏರಿಯಾ ಒಂದೇ ಒಂದು.

"ಇದ್ಯಾರೋ ಹಳಬರು ಇರಬೇಕು ಸರ್," ಎಂದಳು ಸುಮಯ್ಯಾ. "ಇಡೀ ಬಡಾವಣೆ ನಮ್ಮದೇ ಅಂದ್ಕೊಂಡಿದಾರೆ. ಇನ್ಯಾರ ಗೆರೇನೂ ಇದರ ಮೇಲೆ ಬಿದ್ದಿಲ್ಲ."

ಅದು ಮೊದಮೊದಲು ತಾನೂ ಎರಡು ವಾರ ಪಟ್ಟಿ ಹಾಕಿಕೊಂಡಾಗ ಮೂಡಿದ ತನ್ನದೇ ಗೆರೆ ಎಂದು ಯತೀಶ ಹೇಳಲಿಲ್ಲ. ಒಬ್ಬನೇ ಕೂತು ಅದನ್ನು ಬಹಳ ಹೊತ್ತು ನೋಡಿದ. ಆ ಗೆರೆಯೊಳಗೆ ಕ್ರಿಕೆಟ್ ಆಡಿದ್ದ ಗೆಳೆಯರಿದ್ದರು, ಬಾವಿಕಟ್ಟೆಯಲ್ಲಿ ಕೂತು ಹರಟುತ್ತಿದ್ದ ಅಮ್ಮನ ಸ್ನೇಹಿತೆಯರಿದ್ದರು, ಸಂಜೆ ಪಾಠಕ್ಕೆ ಬರುತ್ತಿದ್ದ ಅಪ್ಪನ ಶಿಷ್ಯರಿದ್ದರು. ಅವರಲ್ಲಿ ಒಬ್ಬರೂ ಈಗ ಅಲ್ಲಿರಲಿಲ್ಲ. ಬಾವಿ ಮುಚ್ಚಿ ಯಾರೋ ಮನೆ ಕಟ್ಟಿದ್ದರು. ಇಷ್ಟು ದಿನ ಅವನು ಇಲ್ಲದವರ ನಡುವೆ ಹಾಯಾಗಿ ಓಡಾಡಿಕೊಂಡಿದ್ದ. ಪಕ್ಕದಲ್ಲಿದ್ದವಳನ್ನು ಆ ಗೆರೆಯೊಳಗೆ ಕರೆದುಕೊಂಡಿರಲಿಲ್ಲ.

ಆ ವಾರವೇ ಮಾತು ತೆಗೆದ. "ಮಂಡೀಲಿ ಮನೆ ನೋಡೋಣ್ವಾ ದಾಕ್ಷಿ?"

"ಈ ಮನೆ?"

"ಬಾಡಿಗೆಗೆ ಕೊಡೋಣ."

ಅವಳಿಗೆ ಸಂತೋಷವಾಗುತ್ತದೆ ಎಂದುಕೊಂಡಿದ್ದ. ಅವಳು ಹೆದರಿದಳು. "ಬೇಡ ರೀ. ನಿಮಗೆ ಅಲ್ಲಿ ಯಾರು ಗೊತ್ತು? ನನಗೆ ಇಲ್ಲಿ ಹೇಗೋ ಅಭ್ಯಾಸ ಆಗಿದೆ. ನಿಮಗೆ ಅಲ್ಲಿ ಆಗಲ್ಲ."

"ಆಗತ್ತೆ."

"ಆಗದೇ ಇದ್ರೆ?"

ಅವನು ಮನೆ ಹುಡುಕಿದ. ಕನ್ನಡಕದ ಅಂಗಡಿಯ ಹಿಂದಿನ ಬೀದಿಯಲ್ಲಿ, ನಿವೃತ್ತ ಪೋಸ್ಟ್‌ಮನ್ ಹನುಮಂತರಾಯಪ್ಪನವರ ಮನೆಯ ಪಕ್ಕದಲ್ಲಿ, ಮಹಡಿಯ ಮೇಲೆ ಎರಡು ಕೋಣೆ, ಒಂದು ಬಾಲ್ಕನಿ ಸಿಕ್ಕಿತು. ಸಾಮಾನು ಇಳಿಸುವ ದಿನ ಮಂಗಳಮ್ಮ ಹೂವಿನ ಬುಟ್ಟಿ ಬಿಟ್ಟು ಬಂದು ನಿಂತು, ಬೀರು ಎಲ್ಲಿ ಇಡಬೇಕು ಎಂದು ಕೂಲಿಯವರಿಗೆ ಹೇಳಿಕೊಟ್ಟರು. ದಾಕ್ಷಾಯಿಣಿ ಡಬ್ಬಿಗಳನ್ನೆಲ್ಲ ತನ್ನ ಕೈಗೆ ಎಟುಕುವ ಸಾಲಿಗೆ ಜೋಡಿಸಿದಳು.

ಅವಳ ಚಹರೆಯೇ ಬದಲಾಯಿತು. ಗಟ್ಟಿಯಾಗಿ ಮಾತಾಡುತ್ತಿದ್ದಳು. ಮೆಟ್ಟಿಲನ್ನು ಧಡಧಡ ಹತ್ತುತ್ತಿದ್ದಳು. ಬಾಲ್ಕನಿಯಿಂದ ಬಗ್ಗಿ ಕೆಳಗಿನವರ ಜೊತೆ ಜಗಳವಾಡಿ, ಅದೇ ಉಸಿರಿನಲ್ಲಿ ನಗುತ್ತಿದ್ದಳು. ಈ ದಾಕ್ಷಾಯಿಣಿಯನ್ನು ಯತೀಶ ಹಿಂದೆ ನೋಡಿಯೇ ಇರಲಿಲ್ಲ. ಅವಳನ್ನು ನೋಡಿ ಅವನಿಗೆ ಖುಷಿಯಾಗುತ್ತಿತ್ತು, ಜೊತೆಗೆ ಅಪರಿಚಿತರೊಬ್ಬರ ಎದುರು ನಿಂತಾಗಿನ ಸಂಕೋಚವೂ ಆಗುತ್ತಿತ್ತು.

ಅವನದು ಬೇರೆ ಕಥೆ. ಬೀದಿಯವರು ಅವನನ್ನು ಕಂಡರೆ ಮಾತು ತಗ್ಗಿಸಿ ದಾರಿ ಬಿಡುತ್ತಿದ್ದರು. ಕೆಟ್ಟದಾಗಿ ಅಲ್ಲ, ಮರ್ಯಾದೆಯಿಂದಲೇ. ಟೀ ಅಂಗಡಿಯಲ್ಲಿ ಅವನಿಗೆ ಮಾತ್ರ ಗಾಜಿನ ಲೋಟವನ್ನು ಎರಡನೇ ಸಲ ತೊಳೆದು ಕೊಡುತ್ತಿದ್ದರು. ಯಾರಾದರೂ ತಡೆದು ಮಾತಾಡಿಸಿದರೆ, 'ದಾಕ್ಷಿ ಇದಾಳಾ ಮನೇಲಿ?' ಎಂದು ಕೇಳಲು. ಅವನ ಹೆಸರು ಅಲ್ಲಿ ಯಾರಿಗೂ ಬೇಕಾಗಿರಲಿಲ್ಲ. ಸಂಜೆ ಬಸ್ಸಿನಲ್ಲಿ ಬರುವಾಗ ಎದೆ ಭಾರವಾಗುತ್ತಿತ್ತು. ಅದು ಸುಸ್ತಲ್ಲ ಎಂದು ಅವನಿಗೆ ಗೊತ್ತಿತ್ತು.

ಒಂದು ವಾರ ಯಾರಿಗೂ ಹೇಳದೆ ಕಿವಿಪಟ್ಟಿ ಹಾಕಿಕೊಂಡು ಓಡಾಡಿದ. ಪ್ರಯೋಗಾಲಯದಲ್ಲಿ ಎಲ್ಲರೂ ಊಟಕ್ಕೆ ಹೋದಾಗ ಪರದೆಯ ಮೇಲೆ ತೆರೆದು ನೋಡಿದ. ಅರಳಿಕಟ್ಟೆಯ ಹತ್ತಿರ ಏನೂ ಇರಲಿಲ್ಲ. ಮನೆಯ ಗೇಟಿನ ಹತ್ತಿರ ಅಲೆ ಇಳಿದಿತ್ತು, ದಿನವೂ.

ಸುಮಯ್ಯಾ ಹಿಂದೆ ಬಂದು ನಿಂತದ್ದು ಅವನಿಗೆ ಪರದೆಯ ಮೇಲೆ ಬಿದ್ದ ನೆರಳಿನಿಂದ ತಿಳಿಯಿತು. ಅವಳು ಪರದೆಯನ್ನು ನೋಡಿದಳು, ಅವನ ಕಿವಿಯ ಹಿಂದೆ ಪಟ್ಟಿ ಕಿತ್ತ ಕೆಂಪು ಗುರುತನ್ನು ನೋಡಿದಳು.

"ಬದಲಾಗತ್ತಾ ಸುಮಯ್ಯಾ ಇದು?" ಎಂದು ಅವನು ತಿರುಗದೆಯೇ ಕೇಳಿದ.

"ಕೆಲವರಿಗೆ ಕೆಲವು ತಿಂಗಳಲ್ಲೇ ಆಗತ್ತೆ ಸರ್. ಕೆಲವರಿಗೆ ವರ್ಷಗಟ್ಟಲೆ ಬೇಕು. ಕೆಲವರಿಗೆ ಆಗೋದೇ ಇಲ್ಲ. ಯಾಕೆ ಅಂತ ನಮಗಿನ್ನೂ ಗೊತ್ತಾಗಿಲ್ಲ."

ಅವನು ಇದನ್ನು ದಾಕ್ಷಾಯಿಣಿಗೆ ಹೇಳಲಿಲ್ಲ. ಹೇಳಿದರೆ ಮರುದಿನವೇ ಗಂಟುಮೂಟೆ ಕಟ್ಟಿ ಹಳೇ ಮನೆಗೆ ಹೋಗೋಣ ಎನ್ನುತ್ತಾಳೆಂದು ಗೊತ್ತಿತ್ತು. 'ಹೇಗಿದೆ ಇಲ್ಲಿ?' ಎಂದು ಅವಳು ಕೇಳಿದಾಗಲೆಲ್ಲ, 'ಚೆನ್ನಾಗಿದೆ' ಎನ್ನುತ್ತಿದ್ದ. ಅವಳು ನಂಬಿದಳೋ ಬಿಟ್ಟಳೋ, ಮತ್ತೆ ಕೆದಕುತ್ತಿರಲಿಲ್ಲ.

ಬೇಸಿಗೆ ಶುರುವಾಗಿತ್ತು. ಒಂದು ಶನಿವಾರ ಯತೀಶ ಬೇಗ ಕೆಲಸ ಮುಗಿಸಿ, ದಾರಿಯಲ್ಲಿ ಕಲ್ಲಂಗಡಿ ಹಣ್ಣು ಕೊಂಡುಕೊಂಡು ಬಂದ. ಒಂದು ಕೈಯಲ್ಲಿ ಬ್ಯಾಗು, ಇನ್ನೊಂದು ಕೈಯಲ್ಲಿ ಹಣ್ಣು. ಗೇಟಿನ ಚಿಲಕ ಬಿಗಿಯಾಗಿತ್ತು. ಸದ್ದಾಗದಂತೆ ಅದನ್ನು ಎತ್ತಲು ಹೆಣಗುತ್ತಿದ್ದಾಗ, ಪಕ್ಕದ ಮನೆಯ ಜಗಲಿಯ ಮೇಲೆ ಕೂತಿದ್ದ ಹನುಮಂತರಾಯಪ್ಪ ಹಣೆಗೆ ಕೈ ಅಡ್ಡ ಹಿಡಿದು ನೋಡಿದರು.

"ಯಾರು ಬೇಕಾಗಿತ್ತು ಸ್ವಾಮಿ?"

ನಾಲ್ಕು ತಿಂಗಳಿಂದ ಅವನು ದಿನಕ್ಕೆ ಎರಡು ಸಲ ಅವರ ಮುಂದೆಯೇ ಹಾದುಹೋಗುತ್ತಿದ್ದ. ಇಲ್ಲೇ ಇರುವವನು ನಾನು ಎಂದು ಹೇಳಬೇಕೆಂದು ಬಾಯಿ ತೆರೆದ.

"ದಾಕ್ಷಾಯಿಣಿಯವರು," ಎಂದ.

ಹನುಮಂತರಾಯಪ್ಪ ಕತ್ತೆತ್ತಿ ಬಾಲ್ಕನಿಯ ಕಡೆ ಕೂಗಿದರು. "ದಾಕ್ಷಿ! ಲೇ ದಾಕ್ಷೀ! ಯಾರೋ ನಿನ್ನ ಕೇಳ್ಕೊಂಡು ಬಂದವ್ರೆ ನೋಡು!"

"ಬಂದೆ ತಾತಾ!"

ಅವಳು ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತಾ ಬಾಲ್ಕನಿಗೆ ಬಂದಳು. ಬಗ್ಗಿ ನೋಡಿದಳು. ಅಲ್ಲಿ ಹಣ್ಣು ಹಿಡಿದು ನಿಂತಿದ್ದ ಗಂಡನನ್ನು ಕಂಡು ನಗು ಬಂತು. ಬಾಯಿಯವರೆಗೆ ಬಂದ ನಗು ಅಲ್ಲೇ ನಿಂತಿತು. ಅವನ ಮುಖ, ಅರ್ಧ ಎತ್ತಿದ ಚಿಲಕ, ಅದರ ಮೇಲಿದ್ದ ಅವನ ಬೆರಳುಗಳು. ಎಲ್ಲವನ್ನೂ ಒಂದು ಗಳಿಗೆ ನೋಡಿದಳು.

ಆಮೇಲೆ ಮೆಟ್ಟಿಲಿಳಿದು ಬಂದಳು, ಧಡಧಡ ಎಂದಲ್ಲ, ನಿಧಾನವಾಗಿ. ಗೇಟು ತೆರೆದು ಹಣ್ಣನ್ನು ತಾನು ತೆಗೆದುಕೊಂಡಳು.

"ಇವರು ನಮ್ಮನೆಯವರು ತಾತ. ಯತೀಶ ಅಂತ."

"ಹೌದಾ! ಮೊದಲೇ ಹೇಳಬಾರದೇನಮ್ಮಾ," ಎಂದು ಹನುಮಂತರಾಯಪ್ಪ ಜಗಲಿಯಿಂದ ಎದ್ದು ನಿಂತು, ತೆರೆದ ಗೇಟಿನ ಕಡೆ ಕೈ ತೋರಿದರು. "ಬನ್ನಿ ಸ್ವಾಮಿ, ಬನ್ನಿ, ಒಳಗೆ ಬನ್ನಿ."

ದಾಕ್ಷಾಯಿಣಿ ಅವನ ಮೊಣಕೈ ಹಿಡಿದುಕೊಂಡಳು. ಬೀದಿಯಲ್ಲಿ ಎಲ್ಲರೂ ನೋಡುತ್ತಿದ್ದರೂ ಬಿಡಲಿಲ್ಲ. ಯತೀಶ ಚಪ್ಪಲಿ ಕಳಚಿ ಮೆಟ್ಟಿಲ ಮೂಲೆಗೆ ಒತ್ತಿಟ್ಟು, ಕರೆದವರಿಗೆ ಕೈ ಮುಗಿದು, ತನ್ನ ಮನೆಯೊಳಕ್ಕೆ ಹೋದ.